ಮೇಷ್ಟರ ನಡುಕಕ್ಕೆ ಎಷ್ಟು ಹೆಸರು

ಹೋದ ಗುರುವಾರ ನಮ್ಮ ವಠಾರದ ಮೇಷ್ಟರ ವೈಕುಂಠ ಸಮಾರಾಧನೆ. ಊಟಕ್ಕೆ ಕೂತ ಸಾಲಿನಲ್ಲಿ ಯಾರೋ ಅವರ ಮಾತೊಂದನ್ನು ನೆನೆದು ಕಿಸಕ್ಕೆಂದರು. ಪಕ್ಕದವರು ಇನ್ನೊಂದನ್ನು ನೆನೆದರು. ಹೋಳಿಗೆ ಬರುವ ಹೊತ್ತಿಗೆ ಸಾಲಿಗೆ ಸಾಲೇ ನಗುತ್ತಿತ್ತು. ಆಮೇಲೆ ನಮಗೇ ನಾಚಿಕೆಯಾಗಿ ಎಲೆ ನೋಡುತ್ತಾ ಕೂತೆವು. ಬಾಗಿಲ ಬಳಿ ಇದ್ದ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಗಿ, ಅದಕ್ಕೇನಂತೆ. ಮುಖ ಊದಿಸ್ಕೊಂಡು ಉಣ್ಣೋರನ್ನ ಕಂಡ್ರೆ ಅವರಿಗೆ ಮೊದಲಿಂದ್ಲೂ ಆಗ್ತಿರಲಿಲ್ಲ" ಎಂದರು.

ಮನೆಗೆ ಬಂದು ದೇವರಿಗೆ ದೀಪ ಹಚ್ಚಿ, ಅಂಥ ಮನುಷ್ಯನ ನೆರೆಯಲ್ಲಿ ಇಷ್ಟು ವರ್ಷ ಇರಗೊಟ್ಟಿದ್ದಕ್ಕೆ ಒಂದು ನಮಸ್ಕಾರ ಹೆಚ್ಚಿಗೆ ಹಾಕಿ, ಇದನ್ನು ಬರೆಯಲು ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದದ್ದನ್ನು ನಾನು ಕೇಳಿದ್ದೇ ಇಲ್ಲ. ಶಿವಮೊಗ್ಗದಲ್ಲಿ ಕೋಟೆ ಆಂಜನೇಯನ ಗುಡಿಗೆ ಹೋಗುವ ದಾರಿಯಲ್ಲಿ ನಮ್ಮ ವಠಾರ. ಆರು ಮನೆ, ಒಂದು ಬಾವಿ. ನಾನು ಮದುವೆಯಾಗಿ ಬಂದಾಗ ಪಕ್ಕದ ಮನೆಯಲ್ಲಿ ಅವರಿದ್ದರು. ಇಂಗ್ಲಿಷ್ ಮೇಷ್ಟರು; ಆದರೆ ಆಗಲೇ ಶಾಲೆ ಬಿಟ್ಟಾಗಿತ್ತು.

ಅವರ ಎರಡೂ ಕೈ ನಡುಗುತ್ತಿದ್ದವು. ಚಳಿಗಲ್ಲ, ಭಯಕ್ಕಲ್ಲ, ಮುಪ್ಪಿಗೂ ಅಲ್ಲ. ಐವತ್ತು ಕೂಡ ಆಗಿರಲಿಲ್ಲ. ನಲವತ್ತು ದಾಟಿದ ಮೇಲೆ ಶುರುವಾಯಿತಂತೆ. ಡಾಕ್ಟರು ನೋಡಿ, ಜೀವಕ್ಕೆ ಅಪಾಯವಿಲ್ಲ, ಇದಕ್ಕೆ ಔಷಧವೂ ಇಲ್ಲ ಎಂದರಂತೆ. "ಎರಡು ಸುದ್ದಿ ಕೊಟ್ರು. ಮೊದಲನೇದನ್ನ ಮನೆಗೆ ತಂದೆ, ಎರಡನೇದನ್ನ ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದೆ" ಎನ್ನುತ್ತಿದ್ದರು.

ಶಾಲೆ ಬಿಟ್ಟ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕಿತ್ತು. ಬೋರ್ಡಿನ ಮೇಲೆ ಅವರು ಬರೆದ ಇಂಗ್ಲಿಷ್ ಅಕ್ಷರಗಳೆಲ್ಲ ಹೊಳೆಯ ನೀರಿನ ಹಾಗೆ ಅಲೆಅಲೆಯಾಗಿ ಬರುತ್ತಿದ್ದವು. ಮಕ್ಕಳು ಭಕ್ತಿಯಿಂದ ಹಾಗೇ ಕಾಪಿ ಹೊಡೆದರು. ಮೇಷ್ಟರು ಬರೆದದ್ದು ತಪ್ಪಿರುತ್ತದೆಯೇ? ಇನ್ಸ್‌ಪೆಕ್ಟರು ಬಂದು ಪುಸ್ತಕಗಳನ್ನು ನೋಡಿದರೆ, ಒಂದಿಡೀ ತರಗತಿಯ ಅಕ್ಷರ ನಡುಗುತ್ತಿದೆ! "ಏನ್ರೀ ಇದು, ನಿಮ್ಮ ಹುಡುಗರಿಗೆಲ್ಲ ಚಳಿಜ್ವರವಾ?" ಎಂದು ಕೇಳಿದರಂತೆ. ಮೇಷ್ಟರು ಮಾರನೆಯ ದಿನವೇ ತಾವಾಗಿ ಕಾಗದ ಕೊಟ್ಟು ಮನೆಗೆ ಬಂದರು. ಆ ಹುಡುಗರು ಈಗ ದೊಡ್ಡವರಾಗಿದ್ದಾರೆ. ಅವರಲ್ಲಿ ಕೆಲವರ ಕೈಬರಹ ಈಗಲೂ ಅಲೆ ಹೊಡೆಯುತ್ತದೆ. ಸಮಾರಾಧನೆಗೆ ಬಂದಿದ್ದ ಒಬ್ಬರು ತಮ್ಮ ರುಜು ತೋರಿಸಿ ನಮ್ಮನ್ನು ನಗಿಸಿದರು.

ನಾನು ಅವರಿಗೆ ಮೊದಲ ಸಲ ಕಾಫಿ ಕೊಟ್ಟದ್ದು ಚೆನ್ನಾಗಿ ನೆನಪಿದೆ. ಅಕ್ಕ ಹೊರಗಿದ್ದಾಗ ಅವರ ಮನೆಯ ಒಲೆ ನೋಡಿಕೊಳ್ಳುವ ಪಾಳಿ ನನ್ನದು. "ಎಷ್ಟು ಹಾಕಲಿ ಮೇಷ್ಟ್ರೇ?" ಎಂದೆ.

"ಇವತ್ತು ಕ್ವಿವರ್ ತಾಯಿ. ಮುಕ್ಕಾಲು ಲೋಟ ಹಾಕು, ಹೆದರಬೇಡ."

ನಾನು ಲೋಟ ಹಿಡಿದು ಕಣ್ಣು ಕಣ್ಣು ಬಿಟ್ಟೆ. ಮೇಷ್ಟರ ಮಗಳು ಗಿರಿಜೆ, ಆಗ ಏಳೆಂಟು ವರ್ಷದವಳು, ನನ್ನ ಸೀರೆ ಎಳೆದು ಪಾಠ ಹೇಳಿದಳು. ಬೆರಳ ತುದಿ ಮಾತ್ರ ಮಿಡುಕಿದರೆ ಕ್ವಿವರ್, ಮುಕ್ಕಾಲು ಲೋಟ. ಅಂಗೈ ನಡುಗಿದರೆ ಟ್ರೆಂಬಲ್, ಅರ್ಧ ಲೋಟ. ಮೊಣಕೈವರೆಗೂ ಬಂದರೆ ಶೇಕ್. ದೊಡ್ಡ ಚೊಂಬಿನ ತಳದಲ್ಲಿ ಎರಡು ಗುಟುಕು. ಇನ್ನು ಕ್ವೇಕ್ ಎಂದರೆ ಭೂಮಿ ನಡುಗುವುದು; ಆ ದಿನ ಲೋಟವನ್ನು ಜಗಲಿ ಕಟ್ಟೆಯ ಮೇಲಿಟ್ಟುಬಿಡಬೇಕು, ಅವರೇ ಬಗ್ಗಿ ಕುಡಿಯುತ್ತಾರೆ, ನಾವು ನೋಡುತ್ತಾ ನಿಲ್ಲಬಾರದು. ವಠಾರದ ಆರು ಮನೆಯ ಹೆಂಗಸರಿಗೂ ಬರುತ್ತಿದ್ದ ಇಂಗ್ಲಿಷ್ ಇಷ್ಟೇ. ಎ ಬಿ ಸಿ ಡಿ ಗೊತ್ತಿಲ್ಲ, ನಡುಕ ಮಾತ್ರ ಗೊತ್ತು.

"ಇದೇನು ಮೇಷ್ಟ್ರೇ, ಒಂದು ನಡುಕಕ್ಕೆ ಇಷ್ಟೊಂದು ಹೆಸರು?" ಎಂದು ಕೇಳಿದ್ದೆ.

"ಚಳಿ ದೇಶದೋರಮ್ಮ. ಹುಟ್ಟಿದಾಗಿಂದ ನಡುಗಿ ನಡುಗಿ ಬಗೆ ಬಗೆ ಮಾಡ್ಕೊಂಡಿದ್ದಾರೆ. ನಿಮಗೆ ಉಪ್ಪಿನಕಾಯಿ ಹೇಗೋ ಹಾಗೆ."

ಆಮೇಲೆ ಕಂಡದ್ದಕ್ಕೆಲ್ಲ ಹೆಸರು. ಧನುರ್ಮಾಸದಲ್ಲಿ ನಾವು ಹೊಳೆಯಲ್ಲಿ ಮುಳುಗು ಹಾಕಿ ಹಲ್ಲು ಕಟಕಟ ಎನ್ನುತ್ತಾ ಬಂದರೆ "ಶಿವರ್ ಬಂತು ನೋಡು, ನಾಲ್ಕು ಜನ ಶಿವರ್" ಎನ್ನುವರು. ನನ್ನ ಮೈದುನ ಜ್ವರದ ಕಹಿ ಔಷಧ ನುಂಗಿ ಒಂದೇ ಸಲ ಮೈಯೆಲ್ಲ ಜಾಡಿಸಿದ, ಅದು ಶಡರ್. ನನ್ನ ಎಡಗಣ್ಣು ಅದುರಿದರೆ ಟ್ವಿಚ್, "ಒಳ್ಳೇದೋ ಕೆಟ್ಟದ್ದೋ ನಿನ್ನ ಶಾಸ್ತ್ರ ನೋಡ್ಕೋ, ಹೆಸರು ಮಾತ್ರ ನಾನು ಕೊಡ್ತೀನಿ." ಒಂದು ಕಾಲು ಗಿಡ್ಡವಾದ ನಮ್ಮ ಮಣೆ ವಾಬಲ್. ಶನಿವಾರದ ಭಜನೆಯಲ್ಲಿ ಮೇಲಿನ ಸ್ವರಕ್ಕೆ ಹೋಗಿ ಹರಿದುಹೋಗುವ ನನ್ನ ಗಂಟಲು ಕ್ವೇವರ್. ಅದಕ್ಕೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಮೂರನೆಯ ದಿನ ಬಂದು, "ದೇವರಿಗೆ ಕ್ವೇವರೇ ಇಷ್ಟವಂತೆ, ಪುರಾಣದಲ್ಲಿದೆ" ಎಂದರು. ಯಾವ ಪುರಾಣದಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನೂ ಬಿಡುವವಳಲ್ಲ. ಒಂದು ದಿನ ಅಕ್ಕಿ ಆರಿಸುತ್ತಾ, "ನಮ್ಮಲ್ಲೇನು ಕಮ್ಮಿಯಾ ಮೇಷ್ಟ್ರೇ? ಚಳಿಗೆ ಗಡಗಡ, ಭಯಕ್ಕೆ ಥರಥರ, ತುಟಿ ಅದುರತ್ತೆ, ಎಲೆ ಅಲುಗತ್ತೆ, ಪೈರು ತೊನೆಯತ್ತೆ, ನೆಲ ಕಂಪಿಸತ್ತೆ" ಎಂದು ಬೆರಳು ಮಡಚಿದೆ. ಅವರು ಕಣ್ಣರಳಿಸಿ ಒಳಗೆ ಹೋಗಿ ಸ್ಲೇಟು ತಂದರು. "ಇನ್ನೊಂದು ಸಲ ಹೇಳು ಮಾರಾಯ್ತಿ. ಇಷ್ಟು ವರ್ಷ ಪರದೇಶದ ಅಂಗಡೀಲಿ ಹುಡುಕ್ತಿದ್ದೆ, ನಮ್ಮ ಅಡಿಗೆಮನೆ ಗೂಡು ನೋಡಿರ್ಲೇ ಇಲ್ಲ." ಅಕ್ಷರ ಅಲೆಅಲೆಯಾಗಿ ಬಂತು. ಮೂರನೆಯ ತರಗತಿ ಓದಿದ ನನ್ನ ಮಾತನ್ನು ಒಬ್ಬ ಮೇಷ್ಟರು ಬರೆದುಕೊಂಡರು. ಆ ದಿನದ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಅವರ ಪೂಜೆ ನೋಡಬೇಕಿತ್ತು. ಘಂಟೆ ಹಿಡಿದರೆ ಸಾಕು, ತಾನೇ ಬಾರಿಸಿಕೊಳ್ಳುತ್ತಿತ್ತು. "ನಿಮಗೆಲ್ಲ ಕಷ್ಟ, ನನಗೆ ಪುಕ್ಕಟೆ" ಎನ್ನುವರು. ಕೃಷ್ಣನ ಪಾದಕ್ಕೆಂದು ಹಾಕಿದ ಹೂವು ಪಕ್ಕದ ಗಣಪತಿಯ ತಲೆಯ ಮೇಲೆ ಬೀಳುತ್ತಿತ್ತು. "ಅವರವರಲ್ಲಿ ಹಂಚ್ಕೋತಾರೆ ಬಿಡು." ದೇವರ ಮುಂದೆ ನಡುಗುವ ಕೈ ಇಟ್ಟುಕೊಂಡು ಹೀಗೆ ಸಲಿಗೆಯಿಂದ ನಿಲ್ಲುವವರನ್ನು ನಾನು ಬೇರೆ ಕಡೆ ಕಂಡಿಲ್ಲ. ನನ್ನದು ನೆಟ್ಟಗಿರುವ ಕೈ, ಆದರೂ ನಾನು ಬೇಡುವುದೇ ಹೆಚ್ಚು.

ಅವರು ಬೇಡಿದ್ದು ಒಂದನ್ನೇ. ಒಬ್ಬಳೇ ಮಗಳು ಗಿರಿಜೆಯನ್ನು ಕೈಯಾರೆ ಧಾರೆ ಎರೆದು ಕೊಡಬೇಕು. ಧಾರೆಯ ಹೊತ್ತಿನಲ್ಲಿ ಗಂಡಿನ ಬೊಗಸೆಯ ಮೇಲೆ ಹೆಣ್ಣಿನ ಬೊಗಸೆ, ಅದರ ಮೇಲೆ ತೆಂಗಿನಕಾಯಿ. ಕಾಯಿಯನ್ನು ತಂದೆ ಹಿಡಿದಿರಬೇಕು, ತಾಯಿ ಗಿಂಡಿಯಿಂದ ನೀರು ಬಿಡಬೇಕು. ಆ ಕಾಯಿ ಉರುಳಿ ನೆಲಕ್ಕೆ ಬಿದ್ದರೆ? ಅಕ್ಕನಿಗೆ ಅದೇ ಭಯ. "ಅಪಶಕುನ ಅಂತ ಹುಡುಗೀನ ಜನ್ಮವಿಡೀ ಆಡ್ಕೋತಾರೆ ಕಣೇ. ನನ್ನ ತಮ್ಮ, ಅವನ ಹೆಂಡತಿ ಕೂತು ಎರೀಲಿ" ಎಂದು ಬಾವಿಕಟ್ಟೆಯಲ್ಲಿ ನನ್ನ ಹತ್ತಿರ ಹೇಳುವರು. ಮೇಷ್ಟರು ಮಾತ್ರ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಹಿತ್ತಿಲಿಗೆ ಹೋಗಿ ಒಂದು ಕಾಯಿ ಹಿಡಿದು ನಿಲ್ಲುವರು. ಸ್ವಲ್ಪ ಹೊತ್ತಿಗೆ ಧೊಪ್ ಎಂಬ ಸದ್ದು. ಮತ್ತೆ ಎತ್ತಿ ಹಿಡಿಯುವರು. ಮತ್ತೆ ಧೊಪ್. ವಠಾರದವರೆಲ್ಲ ಕೇಳಿಸಿಕೊಂಡೂ ಕೇಳಿಸದವರ ಹಾಗೆ ಇರುತ್ತಿದ್ದೆವು.

ಗಿರಿಜೆಯನ್ನು ನೋಡಲು ಭದ್ರಾವತಿಯಿಂದ ಬಂದರು. ಹುಡುಗ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ, ಕಾದ ಕಬ್ಬಿಣ ಎರಕ ಹೊಯ್ಯುವ ಕೆಲಸ. ಜೊತೆಗೆ ಅವನ ತಾಯಿ. ಹಣೆಯಲ್ಲಿ ಕಾಸಗಲ ಕುಂಕುಮ, ಬಾಯಲ್ಲಿ ಮಾತೇ ಮಾತು. ಮೇಷ್ಟರ ನಡುಕ ಅವರಿಗೆ ಗೊತ್ತಾಗದ ಹಾಗೆ ಅಕ್ಕ ಏರ್ಪಾಡು ಮಾಡಿದ್ದರು: ಮೇಷ್ಟರು ಶಾಲು ಹೊದ್ದು ಕೈ ಒಳಗಿಟ್ಟುಕೊಂಡು ಕೂರಬೇಕು, ತಾಂಬೂಲದ ತಟ್ಟೆಯನ್ನು ನನ್ನ ಯಜಮಾನರು ಕೊಡಬೇಕು. ವೈಶಾಖದ ಬಿಸಿಲು. ಶಾಲಿನೊಳಗೆ ಮೇಷ್ಟರು ಬೆವೆತು ತೊಪ್ಪೆಯಾಗಿದ್ದರು.

ಎಲ್ಲವನ್ನೂ ಯೋಚಿಸಿದ್ದೆವು, ಗಿರಿಜೆಯನ್ನೊಂದು ಬಿಟ್ಟು. ಆಗಿನ ಕಾಲಕ್ಕೆ ನೋಡಲು ಬಂದವರ ಮುಂದೆ ಕಾಫಿ ತರುವ ಹುಡುಗಿಯ ಕೈ ಸ್ವಲ್ಪ ನಡುಗಬೇಕು, ಲೋಟ ತಟ್ಟೆಗೆ ತಾಗಿ ಸಣ್ಣಗೆ ಸದ್ದಾಗಬೇಕು. ಹಿರಿಯರು ಅದನ್ನು ಕೇಳಿ, ಹುಡುಗಿಗೆ ನಾಚಿಕೆಯಿದೆ, ದೊಡ್ಡವರ ಭಯವಿದೆ ಎಂದು ತಲೆ ಆಡಿಸುವರು. ನಮ್ಮ ಗಿರಿಜೆ ಐದು ಲೋಟ ತುಂಬ ಕಾಫಿಯನ್ನು ತಟ್ಟೆಯಲ್ಲಿ ಇಟ್ಟುಕೊಂಡು, ಒಂದು ತೊಟ್ಟು ತುಳುಕಿಸದೆ, ಒಂದು ಕಿಣಿ ಸದ್ದು ಮಾಡದೆ, ದೇವರ ದೀಪ ತಂದ ಹಾಗೆ ತಂದು ಇಟ್ಟಳು. ಹುಡುಗನ ತಾಯಿ ಅವಳ ಕೈಯನ್ನೇ ನೋಡಿದರು.

"ಏನಮ್ಮಾ ಇದು! ಹುಡುಗಿ ಕೈ ಒಂಚೂರೂ ನಡುಗಲಿಲ್ಲವಲ್ಲ. ಗಟ್ಟಿಗಿತ್ತೀನೇ ಇರಬೇಕು. ನಮ್ಮ ಮನೇಲಿ ಯಾರ ಮಾತಾದ್ರೂ ಕೇಳ್ತಾಳೋ ಇಲ್ವೋ."

ಅಕ್ಕನ ಮುಖ ಕಪ್ಪಿಟ್ಟಿತು. ಆಗ ಶಾಲು ಸರಿಯಿತು. ಮೇಷ್ಟರು ಎರಡೂ ಕೈ ಹೊರಗೆ ತೆಗೆದು ಎಲ್ಲರ ಎದುರಿಗೆ ಚಾಚಿ ಹಿಡಿದರು. ಅಂದು ಶೇಕ್ ದಾಟಿ ಕ್ವೇಕಿಗೆ ಬಂದಿತ್ತು.

"ತಾಯಿ, ಈ ಮನೆ ನಡುಕವನ್ನೆಲ್ಲ ನಾನೊಬ್ಬನೇ ಗುತ್ತಿಗೆ ಹಿಡಿದಿದ್ದೀನಿ. ಅವಳ ಪಾಲಿಗೆ ಏನೂ ಉಳೀಲಿಲ್ಲ. ಚಿಕ್ಕಂದಿನಿಂದ ನಾನು ಬೀಳಿಸಿದ ಲೋಟ ನೆಲಕ್ಕೆ ತಾಗೋ ಮೊದಲೇ ಹಿಡಿದೂ ಹಿಡಿದೂ ಅವಳ ಕೈ ಹಾಗಾಗಿದೆ. ಅದು ಸೊಕ್ಕಲ್ಲ."

ಹುಡುಗನ ತಾಯಿ ಕೈಗಳನ್ನು ನೋಡಿದರು. "ಇದು ವಂಶದಲ್ಲಿ ಬಂದದ್ದಾ?"

"ನಮ್ಮಪ್ಪನಿಗೆ ಇರಲಿಲ್ಲ. ನನಗೆ ಹೊಡೆಯೋವಾಗ ಒಂದು ಏಟೂ ಗುರಿ ತಪ್ಪಿದ್ದಿಲ್ಲ. ಮುಂದೆ ಯಾರಿಗಾದ್ರೂ ಬರತ್ತೋ ಇಲ್ವೋ ನನಗೆ ಗೊತ್ತಿಲ್ಲ. ಸುಳ್ಳು ಹೇಳಿ ಮಗಳನ್ನ ಕೊಡಲ್ಲ."

"ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದು ಅವರು ಎದ್ದರು. ಹಾಗೆಂದು ಎದ್ದು ಹೋದವರಲ್ಲಿ ಮತ್ತೆ ಹೇಳಿ ಕಳಿಸಿದವರು ಎಷ್ಟು ಮಂದಿ? ಅಕ್ಕ ಒಳಗೆ ಹೋಗಿ ಬಿಕ್ಕಿದರು. ನಾನು ಆಂಜನೇಯನಿಗೆ ಒಂದು ವೀಳ್ಯದೆಲೆಯ ಹಾರ ಹರಸಿಕೊಂಡೆ. ಹದಿನೈದು ದಿನಕ್ಕೆ ಕಾಗದ ಬಂತು: ನಮ್ಮ ಮನೆ ನೋಡಲು ಬನ್ನಿ.

ಆಗ ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ತತ್ವಾರ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಮೇಷ್ಟರು, ಅಕ್ಕ, ನಾನು, ನನ್ನ ಯಜಮಾನರು ಅಂಥದ್ದೊಂದನ್ನು ಹತ್ತಿದೆವು. ಅದು ಹೊರಟದ್ದೇ ತಡ, ಸೀಟು, ಕಿಟಕಿ, ಕಂಡಕ್ಟರ ಗಲ್ಲ, ಎದುರು ಸೀಟಿನ ಅಜ್ಜನ ಗಡ್ಡ, ಎಲ್ಲವೂ ನಡುಗತೊಡಗಿತು. ಅಕ್ಕನ ಮಡಿಲಲ್ಲಿದ್ದ ಹಣ್ಣಿನ ಬುಟ್ಟಿ ಕುಣಿಯಿತು. ಮೇಷ್ಟರು ತಮ್ಮ ಕೈಯನ್ನು ನನ್ನ ಯಜಮಾನರ ಕೈ ಪಕ್ಕದಲ್ಲಿ ಹಿಡಿದು ನೋಡಿ ಗಹಗಹಿಸಿ ನಕ್ಕರು. "ನೋಡ್ರಿ, ನೋಡ್ರಿ! ಈ ಬಸ್ಸಿನಲ್ಲಿ ಎಲ್ಲಾ ನನ್ನ ಸಮ!" ಮಾಚೇನಹಳ್ಳಿ ಹತ್ತಿರ ಬಸ್ಸು ಒಂದು ಸಲ ಇಡೀ ಮೈ ಜಾಡಿಸಿ ನಿಂತುಬಿಟ್ಟಿತು. ಇಳಿಯುತ್ತಾ ಅಕ್ಕನೇ, "ಇದು ಶಡರ್ ಅಲ್ವೇನ್ರೀ?" ಎಂದರು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಮೊದಲ ಸಲ ತಾನಾಗಿ ಇಂಗ್ಲಿಷ್ ಆಡಿದಳೆಂದು ಮೇಷ್ಟರಿಗಾದ ಸಂತೋಷ ಹೇಳತೀರದು. ಇದ್ದಿಲು ಕೆದಕಿ ಬಸ್ಸು ಮತ್ತೆ ಹೊರಡುವವರೆಗೂ ರಸ್ತೆಯಲ್ಲಿ ನಿಂತು ಎಲ್ಲರಿಗೂ ಅದನ್ನೇ ಹೇಳಿದರು.

ಹುಡುಗನ ಮನೆ ಜನ್ನಾಪುರದಲ್ಲಿ. ನಾವು ಚಾಪೆಯ ಮೇಲೆ ಕೂತಿದ್ದಾಗ ಕಾರ್ಖಾನೆಗೆ ಅದಿರು ಹೊತ್ತ ರೈಲುಗಾಡಿ ಪಕ್ಕದಲ್ಲೇ ಹಾದುಹೋಯಿತು. ಗೂಡಿನಲ್ಲಿದ್ದ ಲೋಟಗಳೆಲ್ಲ ಗಲಗಲ ಎಂದವು. ಮೇಷ್ಟರು ತಡೆಯಲಾರದೆ, "ರ‍್ಯಾಟಲ್" ಎಂದರು. ಹುಡುಗನ ತಾಯಿ ಏನೆಂದು ಕೇಳಿದರು. ಇವರು ವಿವರಿಸಿದರು. ಅವರು ಸೊಂಟಕ್ಕೆ ಕೈ ಕೊಟ್ಟು ನಕ್ಕರು. "ನಮ್ಮನೆ ಲೋಟಕ್ಕೂ ಇಂಗ್ಲಿಷ್ ಹೆಸರಿಟ್ಟು ಬಿಟ್ರಲ್ಲ ಮಾರಾಯ್ರೇ! ಇಲ್ಲಿ ದಿನಾ ಹೀಗೇ. ಇಂಥ ಮನೆಗೆ ಗಟ್ಟಿ ಕೈಯಿನ ಸೊಸೇನೇ ಬೇಕು. ನಿಮ್ಮ ಹುಡುಗಿ ನಮಗೆ ಒಪ್ಪಿಗೆ."

ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಅವರ ಮಾತು ಮುಗಿದಿರಲಿಲ್ಲ. "ಒಂದು ವಿಷಯ ಬೀಗರೇ, ಬೇಜಾರು ಮಾಡ್ಕೋಬೇಡಿ. ಧಾರೆಗೆ ನೀವು ಕೂರೋದು ಬೇಡ. ಕಾಯಿ ಕೆಳಗೆ ಬಿದ್ರೆ ನಮ್ಮ ಕಡೆಯೋರು ನನ್ನ ಬಿಡಲ್ಲ. ಹುಡುಗಿಯ ಸೋದರಮಾವ ಎರೀಲಿ."

"ಆಗಲಿ" ಎಂದರು ಮೇಷ್ಟರು. ಒಂದು ಕ್ಷಣವೂ ತಡ ಮಾಡಲಿಲ್ಲ.

ವಾಪಸು ಬರುವಾಗಲೂ ಬಸ್ಸು ಅಷ್ಟೇ ನಡುಗಿತು. ಅವರು ಯಾವುದಕ್ಕೂ ಹೆಸರು ಹೇಳಲಿಲ್ಲ. ಮಾರನೆಯ ದಿನ ನಾನು, "ಎಷ್ಟು ಹಾಕಲಿ ಮೇಷ್ಟ್ರೇ?" ಎಂದು ಕೇಳಿದರೆ, "ನಿನಗೆ ತೋಚಿದಷ್ಟು ಹಾಕಮ್ಮ" ಎಂದರು. ಅದು ನನಗೆ ಕಪಾಳಕ್ಕೆ ಹೊಡೆದಂತಾಯಿತು. ಹಿತ್ತಿಲಿನಲ್ಲಿ ಕಾಯಿ ಬೀಳುವ ಸದ್ದು ನಿಂತುಹೋಯಿತು. ಒಳ್ಳೆಯ ಸಂಬಂಧ ಕೂಡಿಬಂದಿದೆ, ಇದಕ್ಕಿಂತ ಇನ್ನೇನು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬೆಳಿಗ್ಗೆ ಆ ಹೊತ್ತಾದರೆ ಕಿವಿ ತಾನಾಗಿ ಹಿತ್ತಿಲ ಕಡೆಗೆ ತಿರುಗುತ್ತಿತ್ತು.

ಮದುವೆ ನಮ್ಮ ವಠಾರದಲ್ಲೇ, ಬಾವಿಯ ಮುಂದೆ ಹಾಕಿದ ಚಪ್ಪರದಲ್ಲಿ. ಮೇಷ್ಟರು ಪಂಚೆಯುಟ್ಟು ಮೂಲೆಯ ಕಂಬಕ್ಕೆ ಒರಗಿ ಕೂತಿದ್ದರು, ಬಂದವರಿಗೆಲ್ಲ ನಗುನಗುತ್ತಾ ಕೈ ಮುಗಿಯುತ್ತಾ. ಮುಹೂರ್ತ ಬಂತು. ಅಕ್ಕನ ತಮ್ಮ ಹೆಂಡತಿಯ ಜೊತೆ ಹಸೆಯ ಪಕ್ಕ ಕೂತು ಕಾಯಿ ತೆಗೆದುಕೊಂಡ. ಹುಡುಗ ಬೊಗಸೆ ಚಾಚಿದ. ಪುರೋಹಿತರು, "ಕೈ ಕೊಡಮ್ಮ" ಎಂದರು.

ಗಿರಿಜೆ ಕೈ ಕೊಡಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಳು.

"ಕೈ ಕೊಡಮ್ಮ, ಹೊತ್ತು ಮೀರತ್ತೆ!"

"ಅಪ್ಪ ಬರಲಿ."

ಮೆಲ್ಲಗೆ ಹೇಳಿದಳು, ಆದರೆ ಓಲಗದವರು ಊದುವುದನ್ನು ಬಿಟ್ಟು ನೋಡಿದರು. ಅಕ್ಕ ಓಡಿ ಬಂದು, "ಹಟ ಮಾಡಬೇಡ ಕಣೇ, ನಿನ್ನ ಒಳ್ಳೇದಕ್ಕೇ ಅಲ್ವಾ" ಎಂದು ಭುಜ ಅಲುಗಿಸಿದರು. ಮೇಷ್ಟರು ಕಂಬದ ಬಳಿಯಿಂದಲೇ, "ಕೊಡು ಮಗಾ, ಮಾವ ಬೇರೆಯಲ್ಲ ನಾನು ಬೇರೆಯಲ್ಲ" ಎಂದರು. ಅವಳು ಕದಲಲಿಲ್ಲ. ಗಂಡಿನ ಕಡೆಯ ಸಾಲಿನಲ್ಲಿ ಗುಜುಗುಜು ಎದ್ದಿತು. ಹುಡುಗನ ತಾಯಿಯ ಮುಖ ಕೆಂಪಾಯಿತು. ನಾನು ಅಕ್ಷತೆಯ ತಟ್ಟೆ ಹಿಡಿದು ನಿಂತವಳು ಮನಸ್ಸಿನಲ್ಲೇ ಕಂಡ ದೇವರನ್ನೆಲ್ಲ ಕರೆದೆ.

ಆಗ ಹುಡುಗ ಬಾಯಿ ಬಿಟ್ಟ. ನೋಡಲು ಬಂದ ದಿನವಾಗಲಿ, ನಾವು ಹೋದ ದಿನವಾಗಲಿ ಅವನ ಒಂದು ಮಾತನ್ನೂ ನಾವು ಕೇಳಿರಲಿಲ್ಲ. "ಅಮ್ಮಾ, ಕೆಳಗಿರೋದು ನನ್ನ ಕೈ ತಾನೇ? ದಿನಾ ಕಾದ ಕಬ್ಬಿಣ ಹಿಡಿಯೋನಿಗೆ ಒಂದು ಕಾಯಿ ಹಿಡಿಯಕ್ಕಾಗಲ್ವಾ?"

ತಾಯಿ ಮಗನನ್ನು ನೋಡಿದರು. ಸೊಸೆಯಾಗುವವಳನ್ನು ನೋಡಿದರು. ಆಮೇಲೆ ಕಂಬದ ಕಡೆ ತಿರುಗಿ ಗದರಿದರು: "ಎದ್ದು ಬನ್ನಿ ಬೀಗರೇ! ಅಲ್ಲೇ ಕೂತಿದ್ರೆ ಮುಹೂರ್ತ ನಿಮಗೋಸ್ಕರ ನಿಲ್ಲತ್ತಾ?"

ಮೇಷ್ಟರು ಬಂದರು. ಅಕ್ಕನ ತಮ್ಮ ನಗುತ್ತಾ ಎದ್ದು ಜಾಗ ಬಿಟ್ಟ. ಗಿರಿಜೆ ಬೊಗಸೆ ಚಾಚಿದಳು, ಕಾಯಿ ಬಂತು, ಕಾಯಿಯ ಮೇಲೆ ಮೇಷ್ಟರ ಕೈ ಬಂತು. ಆ ನಡುಕ ಕಾಯಿಗೆ ಇಳಿಯಿತು, ಕಾಯಿಯಿಂದ ಮಗಳ ಕೈಗೆ, ಮಗಳ ಕೈಯಿಂದ ಅಳಿಯನ ಕೈಗೆ. ಅಕ್ಕನ ಗಿಂಡಿಯೂ ನಡುಗುತ್ತಿತ್ತು. ನೀರು ನೆಟ್ಟಗೆ ಬೀಳಲಿಲ್ಲ. ಪುರೋಹಿತರ ಪುಸ್ತಕದ ಮೇಲೆ, ಹುಡುಗನ ಬಾಸಿಂಗದ ಮೇಲೆ, ಬಗ್ಗಿ ನೋಡುತ್ತಿದ್ದ ಅವನ ತಾಯಿಯ ಹೊಸ ಸೀರೆಯ ಮೇಲೆ ಚಿಮ್ಮಿತು. ಅವರು ಆ ಹನಿಯನ್ನು ಬೆರಳಲ್ಲಿ ತೆಗೆದು ಕಣ್ಣಿಗೊತ್ತಿಕೊಂಡರು. ಕಾಯಿ ಬೀಳಲಿಲ್ಲ. ಓಲಗ ಜೋರಾಯಿತು, ಅಕ್ಷತೆ ಎಲ್ಲ ಕಡೆಯಿಂದಲೂ ಬಿತ್ತು.

ಆ ಕಾಯಿಯನ್ನು ಚಪ್ಪರದ ಆಚೆ ತುದಿಯಲ್ಲಿದ್ದ ಕಲಶದ ಮುಂದೆ ಇಡಬೇಕಿತ್ತು. ಪುರೋಹಿತರು ಕೈ ಚಾಚಿದರು. ಮೇಷ್ಟರು ಕೊಡಲಿಲ್ಲ. ಎರಡೂ ಕೈಯಲ್ಲಿ ಕಾಯಿಯನ್ನು ಎದೆಗವಚಿಕೊಂಡು ಎದ್ದು, ಸಾಲುಗಳ ನಡುವೆ ಒಂದೊಂದೇ ಹೆಜ್ಜೆ ಇಡುತ್ತಾ ನಡೆದರು. ಇಷ್ಟು ವರ್ಷ ಅವರ ಕೈಯಿಂದ ಜಾರಿದ್ದನ್ನೆಲ್ಲ ಹಿಡಿದ ನಾವು, ವಠಾರದ ಆರು ಮನೆಯವರೂ, ಅಲ್ಲೇ ಇದ್ದೆವು. ಈ ಸಲ ಹಿಡಿಯಲೆಂದು ಒಬ್ಬರೂ ಏಳಲಿಲ್ಲ.